ಅಂತರ್ಜಾಲದ ವಿಚಿತ್ರಗಳು, ತಮಾಷೆಯ ಜನರೇಟರ್‌ಗಳು, ಕೈಗೆ ಸಿಕ್ಕ ಸಾಧನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರ್ಜಾಲದ ಮೂಲೆಮುಡುಕಿನಲ್ಲಿ ಸಿಗುವ ವಿಚಿತ್ರಗಳನ್ನು ಹೆಕ್ಕಿ ನೆಂಟರಿಗೆ, ಗೆಳೆಯರಿಗೆ ಕಳುಹಿಸುವುದು ನನ್ನ ಹಳೆಯ ಅಭ್ಯಾಸ. ಕಳುಹಿಸಿದಾಗಲೆಲ್ಲ ಅವವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇದರಿಂದ ಏನು ಉಪಯೋಗ? ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?

ಒಂದು ಕಾಫಿ ಪಾತ್ರೆಯ ಕತೆ ಹೇಳುತ್ತೇನೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 'ಟ್ರೋಜನ್ ರೂಮ್' ಎಂಬ ಕೋಣೆಯಿತ್ತು. ಅದರ ಹೊರಗೆ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ. ಬೇರೆ ಮಹಡಿಗಳಿಂದ ಮೆಟ್ಟಿಲು ಇಳಿದು ಬಂದವರಿಗೆ ಎಷ್ಟೋ ಸಲ ಖಾಲಿ ಪಾತ್ರೆಯೇ ಗತಿ. 1991ರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್ ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಒಂದು ಕ್ಯಾಮೆರಾವನ್ನು ಆ ಪಾತ್ರೆಯತ್ತ ತಿರುಗಿಸಿಟ್ಟು, ಅದರ ಚಿತ್ರ ಎಲ್ಲರ ಕಂಪ್ಯೂಟರಿನಲ್ಲೂ ಕಾಣುವಂತೆ ಮಾಡಿದರು. 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರದ, ಬಣ್ಣವಿಲ್ಲದ ಚಿತ್ರ. ಪಾತ್ರೆಯಲ್ಲಿ ಕಾಫಿ ಇದೆಯೇ ಇಲ್ಲವೇ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. 1993ರಲ್ಲಿ ಅದು ವೆಬ್ಬಿಗೆ ಬಂತು. ಲೋಕದ ಇನ್ನೊಂದು ತುದಿಯಲ್ಲಿ ಕುಳಿತವರು, ಆ ಕಾಫಿಯ ಒಂದು ಗುಟುಕೂ ಸಿಗದವರು, ದಿನಾ ಅದನ್ನು ನೋಡತೊಡಗಿದರು. 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸಿದ ಮೇಲೆ, ಜರ್ಮನಿಯ 'ಡೆರ್ ಶ್ಪೀಗಲ್' ಪತ್ರಿಕೆಯವರು ಕೆಟ್ಟು ನಿಂತಿದ್ದ ಆ ಯಂತ್ರವನ್ನು ಹರಾಜಿನಲ್ಲಿ 3,350 ಪೌಂಡ್ ಕೊಟ್ಟು ಕೊಂಡರು.

ವೆಬ್ ಕ್ಯಾಮೆರಾ ಎಂಬ ವಸ್ತುವಿನ ಹುಟ್ಟು ಹೀಗೆ, ಒಂದು ಲೋಟ ಕಾಫಿಯ ಆಸೆಯಿಂದ. ಮೊಮ್ಮಕ್ಕಳನ್ನು ಮೊಬೈಲಿನಲ್ಲಿ ನೋಡಿ ಮಾತನಾಡುವ ಪ್ರತಿ ಅಜ್ಜಿಗೂ ಈ ಕತೆ ಗೊತ್ತಿರಬೇಕು ಎಂಬುದು ನನ್ನ ಆಸೆ. ಬರೀ ಚಿತ್ರ ಕಳುಹಿಸಿದರೆ ಅದೊಂದು ಮಸುಕು ಪಾತ್ರೆ. ಯಾರು, ಯಾವಾಗ, ಯಾಕೆ ಎಂಬುದನ್ನು ಜೊತೆಗೆ ಕಳುಹಿಸಿದರೆ ಅದಕ್ಕೆ ಜೀವ ಬರುತ್ತದೆ. ಉಳಿದ ಉತ್ತರಗಳಲ್ಲೂ ನಾನು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದೇನೆ.

ವಿದೇಶದವರು ಚಾಟಿನಲ್ಲಿ ಠ_ಠ ಎಂದು ಹಾಕುತ್ತಾರಲ್ಲ, ಅದು ನಮ್ಮ 'ಠ'ನೇ?

ಹೌದು, ನಮ್ಮದೇ. ನನಗೆ ಅತಿ ಪ್ರಿಯವಾದ ವಿಚಿತ್ರ ಇದು. ಠಾಣೆ, ಠೇವಣಿ, ಠರಾವು, ಠೀವಿ, ಠಕ್ಕ ಎಂದು ಬೆರಳೆಣಿಕೆಯ ಪದಗಳಿಗೆ ಬಿಟ್ಟರೆ ನಾವು ಹೆಚ್ಚು ಬಳಸದ ಈ ಅಕ್ಷರವನ್ನು ಕನ್ನಡದ ಒಂದಕ್ಷರವೂ ಬಾರದ ಲಕ್ಷಾಂತರ ಜನ ಬಳಸಿದ್ದಾರೆ. ಒಂದು ದುಂಡು, ನಡುವೆ ಒಂದು ಬೊಟ್ಟು, ಮೇಲೆ ತಲೆಕಟ್ಟು. ದುಂಡು ಕಣ್ಣಾಯಿತು, ಬೊಟ್ಟು ಕಣ್ಣಗೊಂಬೆಯಾಯಿತು, ತಲೆಕಟ್ಟು ಹುಬ್ಬಾಯಿತು. ಎರಡು 'ಠ'ಗಳ ನಡುವೆ ಒಂದು ಅಡಿಗೆರೆ ಎಳೆದರೆ ಬಿಗಿದ ತುಟಿ. ತರಗತಿಯಲ್ಲಿ ಮಾತನಾಡಿದವನನ್ನು ಮೇಷ್ಟ್ರು ಏನೂ ಹೇಳದೆ ದಿಟ್ಟಿಸುತ್ತಾರಲ್ಲ, ಆ ನೋಟ.

ತೆಲುಗಿನಲ್ಲೂ ಇದೇ ಅಕ್ಷರ ಹೆಚ್ಚುಕಡಿಮೆ ಇದೇ ಆಕಾರದಲ್ಲಿದೆ. ಆದರೆ ತೆಲುಗಿನ ತಲೆಕಟ್ಟು ಸರಿ ಗುರುತಿನಂತೆ ಚಿಮ್ಮಿ ಮೇಲೇಳುತ್ತದೆ. ನಮ್ಮದು ಅಡ್ಡಡ್ಡ ಮಲಗಿ ಹುಬ್ಬು ಗಂಟಿಕ್ಕಿದಂತೆ ಕಾಣುತ್ತದೆ. ಆ ಸಿಟ್ಟಿನ ನೋಟ ಬಂದಿರುವುದು ಕನ್ನಡದ ತಲೆಕಟ್ಟಿನಿಂದಲೇ ಎಂದು ನನ್ನ ನಂಬಿಕೆ.

ಅಷ್ಟು ದೂರದ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡಿದ್ದು ಹೇಗೆ? ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಲೋಕದ ಬಹುತೇಕ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಅದರಲ್ಲಿ 'ಠ' ಇರುವ ಮನೆ 3232. ಅಲ್ಲಿಂದ ಒಂದೊಂದೇ ಮುಂದಕ್ಕೆ ಹೋಗಿ: ಡ, ಢ, ಣ, ತ, ಥ. ಐದನೆಯ ಹೆಜ್ಜೆಗೆ 3237, ಅದು 'ಥ'. ಒಂದನೆಯ ತರಗತಿಯಲ್ಲಿ ಕಲಿತ ವರ್ಣಮಾಲೆಯ ಕ್ರಮ ಹಾಗೆಯೇ ಅಲ್ಲಿ ಕುಳಿತಿದೆ. ಆ 'ಥ' ಕೂಡ ಸುಮ್ಮನೆ ಕುಳಿತಿಲ್ಲ: ಥ_ಥ ಎಂದರೆ ಅಳುವ ಮುಖ. ವಿಂಡೋಸ್ ಎಕ್ಸ್‌ಪಿ ಜೊತೆಗೇ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿ ಬಂದಿದ್ದರಿಂದ, ಕನ್ನಡವೇ ಗೊತ್ತಿಲ್ಲದ ಮನೆಗಳ ಕಂಪ್ಯೂಟರಿನಲ್ಲೂ ನಮ್ಮ ಅಕ್ಷರಗಳು ಕಾಯುತ್ತಿದ್ದವು. ತುಂಗೆಯ ಹೆಸರು ಹೊತ್ತ ಅಕ್ಷರಗಳು ಅಲ್ಲಿಗೆ ತಲುಪಿದ್ದು ನೆನೆದರೆ ನನಗೆ ಇಂದಿಗೂ ರೋಮಾಂಚನ.

ನಾವು ಒಬ್ಬರೇ ಅಲ್ಲ. ಭುಜ ಕುಣಿಸಿ 'ಏನೋಪ್ಪ' ಎನ್ನುವ ಮುಖದ ನಗು ಜಪಾನಿನ ಕತಾಕಾನ ಲಿಪಿಯ 'ತ್ಸು' ಅಕ್ಷರ. ಕೈ ಎತ್ತಿ ಕೂಗುವ ಮುಖವೊಂದರ ಬೆರಳುಗಳು ಜಾರ್ಜಿಯಾ ದೇಶದ ಲಿಪಿಯಿಂದ ಬಂದವು. ಮುಂದಿನ ಬಾರಿ ಯಾರಾದರೂ ಠ_ಠ ಕಳುಹಿಸಿದರೆ, ಅದು ಯಾವ ಅಕ್ಷರ, ಹೇಗೆ ಉಚ್ಚರಿಸಬೇಕು ಎಂದು ಅವರಿಗೆ ಹೇಳಿಕೊಡಿ.

ಪಾರಿವಾಳದ ಕಾಲಿಗೆ ಕಟ್ಟಿ ಅಂತರ್ಜಾಲ ನಡೆಸಿದರು ಎಂದು ಕಳುಹಿಸಿದಿರಿ. ಇದು ಸುಳ್ಳು ತಾನೇ?

ನಿಜ. ಅಂತರ್ಜಾಲದಲ್ಲಿ ಮಾಹಿತಿ ಹೇಗೆ ಹರಿಯಬೇಕು ಎಂಬ ನಿಯಮಗಳನ್ನು ಸಾರುವ ದಾಖಲೆಗಳಿಗೆ ಕ್ರಮಸಂಖ್ಯೆ ಇರುತ್ತದೆ. 1990ರ ಏಪ್ರಿಲ್ 1ರಂದು ಬಂದ 1149ನೆಯ ದಾಖಲೆಯನ್ನು ಡೇವಿಡ್ ವೇಟ್ಸ್‌ಮನ್ ಬರೆದರು. ಮಾಹಿತಿಯ ತುಣುಕನ್ನು ಕಾಗದದಲ್ಲಿ ಮುದ್ರಿಸಿ, ಸುರುಳಿ ಸುತ್ತಿ, ಹಕ್ಕಿಯ ಕಾಲಿಗೆ ಕಟ್ಟಿ ಬಿಡುವ ವಿಧಾನವನ್ನು ಪೂರ್ತಿ ಶಾಸ್ತ್ರೀಯ ಭಾಷೆಯಲ್ಲಿ ವಿವರಿಸಿದ್ದಾರೆ. ತಾರೀಖು ನೋಡಿದರೆ ಏಪ್ರಿಲ್ ಮೂರ್ಖರ ದಿನದ ತಮಾಷೆ ಎಂದು ಗೊತ್ತಾಗುತ್ತದೆ. ಆದರೆ ನಾರ್ವೆಯ ಬರ್ಗನ್ ನಗರದಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ಬಳಗ 2001ರ ಏಪ್ರಿಲ್ 28ರಂದು ಅದನ್ನು ನಿಜವಾಗಿಯೂ ಮಾಡಿ ನೋಡಿತು. ಒಂಬತ್ತು ತುಣುಕು ಹೋದವು, ನಾಲ್ಕಕ್ಕೆ ಉತ್ತರ ಬಂತು. ಅತಿ ಬೇಗ ಬಂದ ಉತ್ತರಕ್ಕೆ 53 ನಿಮಿಷ, ಅತಿ ನಿಧಾನದ್ದಕ್ಕೆ 1 ಗಂಟೆ 46 ನಿಮಿಷ.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಹೀಗಿದೆ: ಅಂತರ್ಜಾಲದ ನಿಯಮಗಳನ್ನು ರೂಪಿಸಿದವರು 'ಮಾಹಿತಿ ತಂತಿಯಲ್ಲೇ ಹೋಗಬೇಕು' ಎಂದು ಎಲ್ಲೂ ಬರೆದಿಲ್ಲ. ತಂತಿ, ರೇಡಿಯೋ, ಉಪಗ್ರಹ, ಹಕ್ಕಿಯ ಕಾಲು, ಯಾವುದಾದರೂ ಸರಿ. ಪಾರಿವಾಳ ಹಾರಿದ ಮೇಲೆ ಆ ಮಾತು ಮಗುವಿಗೂ ಅರ್ಥವಾಗುತ್ತದೆ.

'ಜನರೇಟರ್' ಎನ್ನುತ್ತೀರಲ್ಲ, ಅದು ಏನು? ಕರೆಂಟು ಹೋದಾಗ ಹಾಕುವುದಲ್ಲವಲ್ಲ?

ಅದಲ್ಲ. ಒಂದು ಗುಂಡಿ ಒತ್ತಿದರೆ ಹೊಸ ಹೆಸರು, ಹೊಸ ವಾಕ್ಯ, ಹೊಸ ಕವಿತೆ, ಹೊಸ ನೆಪ ಹುಟ್ಟಿಸಿ ಕೊಡುವ ಪುಟ್ಟ ಪ್ರೋಗ್ರಾಮು. ಒಳಗೆ ಪದಗಳ ಪಟ್ಟಿಗಳಿರುತ್ತವೆ, ಅವನ್ನು ಜೋಡಿಸುವ ನಿಯಮಗಳಿರುತ್ತವೆ, ದಾಳ ಉರುಳಿಸುವ ಒಂದು ಸಾಲು ಇರುತ್ತದೆ. ಅಷ್ಟೇ.

ಅಷ್ಟರಲ್ಲೇ ಏನೆಲ್ಲ ಆಗಿದೆ ನೋಡಿ. 1996ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರ್ಯೂ ಬುಲಾಕ್, ಆಧುನಿಕೋತ್ತರ ವಿಮರ್ಶೆಯ ಶೈಲಿಯಲ್ಲಿ ಪ್ರಬಂಧ ಬರೆಯುವ ಜನರೇಟರ್ ಮಾಡಿದರು. ಅಡಿಟಿಪ್ಪಣಿ, ಉಪಶೀರ್ಷಿಕೆ ಎಲ್ಲವೂ ಇರುತ್ತವೆ. ಓದಿದರೆ ಗಂಭೀರವಾಗಿಯೇ ಇದೆ, ಅರ್ಥ ಮಾತ್ರ ಇಲ್ಲ. 2005ರಲ್ಲಿ ಅಮೆರಿಕದ ಎಂಐಟಿಯ ಜೆರೆಮಿ ಸ್ಟ್ರಿಬ್ಲಿಂಗ್, ಮ್ಯಾಕ್ಸ್ ಕ್ರೋನ್, ಡಾನ್ ಅಗ್ವಾಯೋ ಎಂಬ ಮೂವರು ವಿದ್ಯಾರ್ಥಿಗಳು 'ಸೈಜೆನ್' ಮಾಡಿದರು. ಅದು ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಲೇಖನ ಬರೆಯುತ್ತದೆ, ನಕ್ಷೆ ಸಮೇತ. ಸಿಕ್ಕಸಿಕ್ಕವರಿಗೆ ಆಹ್ವಾನ ಕಳುಹಿಸಿ ಶುಲ್ಕ ಪಡೆಯುವ ಒಂದು ಸಮ್ಮೇಳನಕ್ಕೆ ಅವರು ಯಂತ್ರ ಬರೆದ ಲೇಖನ ಕಳುಹಿಸಿದರು. ಅದು ಸ್ವೀಕೃತವಾಯಿತು! ಸುದ್ದಿ ಹಬ್ಬಿದ ಮೇಲೆ ಸಮ್ಮೇಳನದವರು ಆಹ್ವಾನ ಹಿಂದಕ್ಕೆ ಪಡೆದರು. ಕತೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಎಂಬ ದೊಡ್ಡ ಪ್ರಕಾಶನಗಳು ಇದೇ ಯಂತ್ರದಿಂದ ಹುಟ್ಟಿದ 120ಕ್ಕೂ ಹೆಚ್ಚು ಲೇಖನಗಳನ್ನು ತಮ್ಮ ಸಂಗ್ರಹದಿಂದ ತೆಗೆದುಹಾಕಬೇಕಾಯಿತು. ಯಾರೂ ಓದದೆಯೇ ಮುದ್ರೆ ಒತ್ತುತ್ತಿದ್ದ ಜಾಗಗಳನ್ನು ಒಂದು ತಮಾಷೆ ತೋರಿಸಿಕೊಟ್ಟಿತು.

ಇನ್ನೊಂದು ಬಗೆಯ ಜನರೇಟರ್ ನಿಯಮದ ಬದಲು ಎಣಿಕೆಯನ್ನು ನಂಬುತ್ತದೆ: ಈ ಅಕ್ಷರದ ನಂತರ ಸಾಮಾನ್ಯವಾಗಿ ಯಾವುದು ಬರುತ್ತದೆ ಎಂದು. ಇದರ ಮೂಲ 1913ರಲ್ಲಿದೆ. ರಷ್ಯಾದ ಗಣಿತಜ್ಞ ಆಂಡ್ರೇ ಮಾರ್ಕೊವ್ ಪುಷ್ಕಿನ್ನನ ಪದ್ಯಕಾದಂಬರಿಯೊಂದರ 20,000 ಅಕ್ಷರಗಳನ್ನು ಕೈಯಲ್ಲೇ ಎಣಿಸಿ, ಸ್ವರದ ನಂತರ ಸ್ವರ ಎಷ್ಟು ಸಲ, ವ್ಯಂಜನ ಎಷ್ಟು ಸಲ ಎಂದು ಲೆಕ್ಕ ಹಾಕಿದರು. ನಿಮ್ಮ ಮೊಬೈಲಿನ ಕೀಲಿಮಣೆ ಮುಂದಿನ ಪದವನ್ನು ಊಹಿಸಿ ತೋರಿಸುತ್ತದಲ್ಲ, ಅದರ ಮುತ್ತಾತ ಇದು.

ಕನ್ನಡದಲ್ಲಿ ಇಂಥವು ಯಾಕೆ ಕಡಿಮೆ?

ಆಸಕ್ತಿಯ ಕೊರತೆ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮಾಡಲು ಹೊರಟವರಿಗೆ ಮೊದಲು ಎದುರಾಗುವುದು ವಿಭಕ್ತಿ. ಇಂಗ್ಲಿಷಿನಲ್ಲಿ ವಾಕ್ಯದ ಖಾಲಿ ಜಾಗಕ್ಕೆ ಯಾವ ನಾಮಪದವನ್ನು ಎತ್ತಿ ಹಾಕಿದರೂ ಬಹುಪಾಲು ಕೂರುತ್ತದೆ. ಕನ್ನಡದಲ್ಲಿ 'ಅನ್ನು' ಸೇರಿಸಿ ನೋಡಿ: ಹುಡುಗನನ್ನು, ಮರವನ್ನು, ಎಲೆಯನ್ನು. ಒಂದಕ್ಕೆ 'ನ', ಒಂದಕ್ಕೆ 'ವ', ಒಂದಕ್ಕೆ 'ಯ'. ಹುಡುಗ, ಮರ ಎರಡೂ 'ಅ'ಕಾರದಲ್ಲೇ ಮುಗಿಯುತ್ತವೆ, ಆದರೂ ಬೇರೆ. ಒಬ್ಬ ಮನುಷ್ಯ, ಇನ್ನೊಂದು ವಸ್ತು ಎಂದು ಯಂತ್ರಕ್ಕೆ ಯಾರು ಹೇಳಬೇಕು? ಹಸು ಎಂದರೆ ಹಸುವನ್ನು, ಕಾರು ಎಂದರೆ ಕಾರನ್ನು. ಕೊನೆಯಲ್ಲಿ ಎರಡಕ್ಕೂ 'ಉ' ಇದೆ, ಒಂದರಲ್ಲಿ ಉಳಿಯುತ್ತದೆ, ಇನ್ನೊಂದರಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಕ್ರಿಯಾಪದ: ಬಂದನು, ಬಂದಳು, ಬಂದರು, ಬಂದಿತು. ಯಂತ್ರ ಕಟ್ಟುವವರು ಪ್ರತಿ ಪದದ ಪಕ್ಕದಲ್ಲೂ ಅದರ ಲಿಂಗ, ಅದರ ರೂಪಗಳನ್ನು ಬರೆದಿಡಬೇಕು. ಶ್ರಮದ ಕೆಲಸ. ಆದರೆ ನಮಗೆ ಅರಿವಿಲ್ಲದೆಯೇ ಬರುವ ವ್ಯಾಕರಣ ಎಷ್ಟು ಸೂಕ್ಷ್ಮವಾದದ್ದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಅಕ್ಷರದ ಆಟ ನಮ್ಮಲ್ಲಿ ಹೊಸದೂ ಅಲ್ಲ. 'ಕುಬೇರನಿಗೇನಿರಬೇಕು' ಎಂಬುದನ್ನು ಹಿಂದಿನಿಂದ ಓದಿ ನೋಡಿ, ಒಂದೊಂದೇ ಅಕ್ಷರವಾಗಿ.

ನಾನೇ ಒಂದು ಮಾಡಬಹುದೇ? ಪ್ರೋಗ್ರಾಮಿಂಗ್ ಬರುವುದಿಲ್ಲ.

ಧಾರಾಳವಾಗಿ. ವಿಭಕ್ತಿಯ ಕಾಟವಿಲ್ಲದ ಜಾಗದಿಂದ ಶುರು ಮಾಡಿ. ಬಿರುದು ಕೊಡುವ ಜನರೇಟರ್ ಅತ್ಯಂತ ಸುಲಭ. ಮೂರು ಡಬ್ಬಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಊರು, ಸೀಮೆಗಳ ಚೀಟಿ: ಮಲೆನಾಡಿನ, ಬಯಲುಸೀಮೆಯ, ಕರಾವಳಿಯ, ನಮ್ಮ ಬೀದಿಯ. ಎರಡನೆಯದರಲ್ಲಿ ಒಗ್ಗರಣೆ, ತೂಕಡಿಕೆ, ಹರಟೆ, ಮೊಸರು. ಮೂರನೆಯದರಲ್ಲಿ ಸಾರ್ವಭೌಮ, ಚಕ್ರವರ್ತಿ, ವಿಶಾರದ, ಭೂಷಣ. ಕಣ್ಣು ಮುಚ್ಚಿ ಒಂದೊಂದು ಎತ್ತಿ: 'ಬಯಲುಸೀಮೆಯ ಒಗ್ಗರಣೆ ಸಾರ್ವಭೌಮ'. 'ನಮ್ಮ ಬೀದಿಯ ತೂಕಡಿಕೆ ಚಕ್ರವರ್ತಿ'. ಡಬ್ಬಿಗೆ ಹತ್ತು ಚೀಟಿಯಾದರೆ ಒಟ್ಟು 1,000 ಬಿರುದು.

ವ್ಯಾಕರಣ ಬಲ್ಲವರು ತಕ್ಷಣ ಕೇಳುತ್ತಾರೆ: ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದರೆ ಅದು ಅರಿಸಮಾಸವಲ್ಲವೇ, ದೋಷವಲ್ಲವೇ? ಇಲ್ಲಿದೆ ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅರಿಸಮಾಸವನ್ನು ನಿಷೇಧಿಸಿದ್ದರೂ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಹಾಗಾಗಿ ಒಗ್ಗರಣೆ ಸಾರ್ವಭೌಮನಿಗೆ ಕೇಶಿರಾಜನ ಅನುಮತಿ ಇದೆ.

ಹೆಸರು, ಹುಟ್ಟಿದ ತಿಂಗಳು ಕೊಟ್ಟರೆ 'ನಿಮ್ಮ ರಾಜಮನೆತನದ ಹೆಸರು' ಹೇಳುವ ಆಟಗಳು ಸುರಕ್ಷಿತವೇ?

ಡಬ್ಬಿಯ ಚೀಟಿ ಸುರಕ್ಷಿತ. ಪರದೆಯ ಮೇಲಿನದನ್ನು ಒಂದು ಕ್ಷಣ ನಿಂತು ನೋಡಿ. ಅದು ಏನೇನು ಕೇಳುತ್ತಿದೆ? ತಾಯಿಯ ತವರಿನ ಹೆಸರು, ಮೊದಲು ಓದಿದ ಶಾಲೆ, ಮೊದಲು ಸಾಕಿದ ನಾಯಿಯ ಹೆಸರು. ಪಾಸ್‌ವರ್ಡ್ ಮರೆತಾಗ ಎಷ್ಟೋ ಖಾತೆಗಳು ಕೇಳುವ ಪ್ರಶ್ನೆಗಳೂ ಇವೇ. ಉತ್ತರವನ್ನು ಎಲ್ಲರಿಗೂ ಕಾಣುವಂತೆ ಬರೆದರೆ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟಂತೆ.

'ನಿಮ್ಮ ಸ್ವಭಾವ ಎಂಥದ್ದು' ಎಂದು ಹೇಳುವ ಒಂದು ಫೇಸ್‌ಬುಕ್ ರಸಪ್ರಶ್ನೆಯನ್ನು ತೆರೆದವರು ಸುಮಾರು 2.7 ಲಕ್ಷ ಮಂದಿ. ಅವರ ಸ್ನೇಹಿತರ ಮಾಹಿತಿಯೂ ಜೊತೆಗೆ ಸೋರಿ, 8.7 ಕೋಟಿ ಜನರವರೆಗೆ ಅದರ ಪರಿಣಾಮ ತಟ್ಟಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ ತಾನೇ ಹೇಳಿತು. ಆ ಮಾಹಿತಿ ಕೈಸೇರಿದ ರಾಜಕೀಯ ಸಲಹಾ ಸಂಸ್ಥೆಯ ಹೆಸರಿನಿಂದ ಅದನ್ನು ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣ ಎನ್ನುತ್ತಾರೆ. ನಾನು ಪಾಲಿಸುವ ನಿಯಮ ಸರಳ: ಹೆಸರು, ಫೋನ್ ಸಂಖ್ಯೆ, ಸಂಪರ್ಕ ಪಟ್ಟಿ ಕೇಳುವ ಯಾವ ಆಟವನ್ನೂ ನಾನು ಯಾರಿಗೂ ಕಳುಹಿಸುವುದಿಲ್ಲ. ಒಳ್ಳೆಯ ಜನರೇಟರ್‌ಗೆ ನಿಮ್ಮ ಗುರುತು ಬೇಕಾಗಿಲ್ಲ.

ವಿಚಿತ್ರ ಸಾಧನಗಳಲ್ಲಿ ಯಾವುದನ್ನು ಕೊಳ್ಳಬಹುದು?

ಕೊಳ್ಳುವುದಕ್ಕಿಂತ ಬಿಚ್ಚಿ ನೋಡುವುದು ನನಗೆ ಇಷ್ಟ. ಆದರೂ ಹೇಳುತ್ತೇನೆ.

ಶಿಳ್ಳೆ ಹೊಡೆದರೆ 'ಇಲ್ಲಿದ್ದೇನೆ' ಎಂದು ಕೀಂಗುಡುವ ಕೀಲಿಗೊಂಚಲು ಒಂದನ್ನು ತಂದಿದ್ದೆ. ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಅದೂ ಕೂಗುತ್ತಿತ್ತು. ಬೇಳೆಗೆ ನಾಲ್ಕು ಕೂಗಾದರೆ ಕೀಲಿಯದೂ ನಾಲ್ಕು. ಅದರೊಳಗೆ ಒಂದು ಪುಟ್ಟ ಮೈಕು, ಒಂದು ಶ್ರುತಿಯ ಆಸುಪಾಸಿನ ಸದ್ದನ್ನು ಮಾತ್ರ ಆರಿಸುವ ವಿದ್ಯುತ್ ಮಂಡಲ ಇರುತ್ತದೆ. ಶಿಳ್ಳೆ ತುಟಿಯಿಂದ ಬಂತೋ ಒಲೆಯಿಂದ ಬಂತೋ ಅದಕ್ಕೆ ತಿಳಿಯುವುದಿಲ್ಲ. ಅದನ್ನು ಕಂಡಮೇಲೆ ನಮ್ಮ ಮನೆಯ ಮಕ್ಕಳು ಯಾವ ಯಾವ ಸದ್ದಿಗೆ ಅದು ಓಗೊಡುತ್ತದೆ ಎಂದು ಇಡೀ ಮಧ್ಯಾಹ್ನ ಪರೀಕ್ಷಿಸಿದರು. ಕೊಟ್ಟ ಹಣಕ್ಕೆ ಅಷ್ಟು ಸಿಕ್ಕಿತು.

ಮಾಡಿಕೊಳ್ಳಬೇಕಾದ ಸಾಧನ ಎಂದರೆ 'ನಿಷ್ಪ್ರಯೋಜಕ ಪೆಟ್ಟಿಗೆ'. ಪೆಟ್ಟಿಗೆಯ ಮೇಲೆ ಒಂದು ಸ್ವಿಚ್. ನೀವು ಹಾಕುತ್ತೀರಿ. ಮುಚ್ಚಳ ತೆರೆದು ಒಂದು ಕೈ ಹೊರಬಂದು ಸ್ವಿಚ್ ಆರಿಸಿ ಒಳಗೆ ಹೋಗುತ್ತದೆ. ಅಷ್ಟೇ ಅದರ ಬದುಕು. 1952ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ವಿನ್ ಮಿನ್ಸ್‌ಕಿಗೆ ಹೊಳೆದ ಈ ಆಲೋಚನೆಯನ್ನು ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಪೆಟ್ಟಿಗೆಯಾಗಿ ಮಾಡಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಒಳಗಿನ ಕೆಲಸ ಹೀಗೆ: ಸ್ವಿಚ್ ಹಾಕಿದಾಗ ಮೋಟಾರಿಗೆ ವಿದ್ಯುತ್ ಒಂದು ದಿಕ್ಕಿನಲ್ಲಿ ಹರಿದು ಕೈ ಮೇಲೇಳುತ್ತದೆ. ಕೈ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿದ ಕ್ಷಣ ಬ್ಯಾಟರಿಯ ಧನ, ಋಣ ತುದಿಗಳು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತದೆ. ಕೈ ತನ್ನ ಗೂಡಿಗೆ ಮರಳಿ ಅಲ್ಲಿರುವ ಇನ್ನೊಂದು ಪುಟ್ಟ ಸ್ವಿಚ್ಚನ್ನು ಅದುಮಿದಾಗ ವಿದ್ಯುತ್ ಕಡಿತವಾಗಿ ಎಲ್ಲ ನಿಲ್ಲುತ್ತದೆ. ಬುದ್ಧಿಯುಳ್ಳ ಒಂದು ಬಿಡಿಭಾಗವೂ ಇಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಮೋಟಾರು, ಸ್ವಿಚ್ಚು, ಬ್ಯಾಟರಿ ಹಿಡಿ ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಜಪಾನಿನಲ್ಲಿ ಇಂಥ ಸಾಧನಗಳಿಗೆ 'ಚಿಂದೋಗು' ಎಂಬ ಹೆಸರೇ ಇದೆ. ಹೆಸರಿಟ್ಟವರು ಕೆಂಜಿ ಕವಾಕಾಮಿ. ಚಾಪ್‌ಸ್ಟಿಕ್ಕಿಗೆ ಸಿಕ್ಕಿಸಿದ ಪುಟ್ಟ ಫ್ಯಾನು, ಬೂಟಿನ ತುದಿಗೆ ಹಿಡಿಸಿದ ಕೊಡೆ. ಅದಕ್ಕೆ ಹತ್ತು ನಿಯಮಗಳಿವೆ: ವಸ್ತು ನಿಜವಾಗಿ ಇರಬೇಕು, ಮಾರುವಂತಿಲ್ಲ, ಪೇಟೆಂಟ್ ಪಡೆಯುವಂತಿಲ್ಲ. 1995ರಲ್ಲಿ ಬಂದ ಚಿಂದೋಗು ಪುಸ್ತಕವೊಂದರಲ್ಲಿ ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವ ಸಾಧನವೂ ಇದೆ. ಈಗ ಜಾತ್ರೆಯ ಅಂಗಡಿಯಲ್ಲೂ ಅದು ಸಿಗುತ್ತದೆ.

ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಮಾಡಿದ ಅಡಿಕೆ ಮರ ಏರುವ ಸ್ಕೂಟರಿನ ವಿಡಿಯೋ ಹಬ್ಬಿದಾಗಲೂ ಅದನ್ನು ವಿಚಿತ್ರವೆಂದೇ ಹಂಚಿದವರು ಅನೇಕರು. ಮರ ಏರಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗದೆ ಕೊಯ್ಲು, ಮದ್ದು ಸಿಂಪಡಣೆ ಎರಡೂ ನಿಂತ ತೋಟ ಇರುವವರು ಅದನ್ನು ನೋಡಿದ ರೀತಿಯೇ ಬೇರೆ. ಯಾವುದು ಚಿಂದೋಗು, ಯಾವುದು ಅಗತ್ಯ ಎಂಬುದು ಮರದ ಕೆಳಗೆ ನಿಂತವರಿಗೆ ಗೊತ್ತು. ಹಂಚುವ ಮೊದಲು ಇದನ್ನು ಯೋಚಿಸಿ ಎಂದು ಕೈಮುಗಿದು ಕೇಳುತ್ತೇನೆ.

ನೀವು ಮೊದಲು ಕಳುಹಿಸಿದ ಕೊಂಡಿಗಳು ತೆರೆಯುತ್ತಿಲ್ಲ. ಏನು ಮಾಡಲಿ?

ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷಿನ್'ಗೆ ಕೊಟ್ಟು ನೋಡಿ. 1996ರಿಂದ ಅವರು ಪುಟಗಳ ಪ್ರತಿ ತೆಗೆದಿಡುತ್ತಿದ್ದಾರೆ. ಜಿಯೋಸಿಟೀಸ್‌ನಲ್ಲಿ ಜನಸಾಮಾನ್ಯರು ಕಟ್ಟಿಕೊಂಡಿದ್ದ ಪುಟಗಳನ್ನು 2009ರಲ್ಲಿ ಮುಚ್ಚಿದಾಗ ಸ್ವಯಂಸೇವಕರು ಹಗಲುರಾತ್ರಿ ಕುಳಿತು ಬಹಳಷ್ಟನ್ನು ಉಳಿಸಿದರು. ಫ್ಲ್ಯಾಶ್ ಎಂಬ ಹಳೆಯ ತಂತ್ರಾಂಶದಲ್ಲಿ ಓಡುತ್ತಿದ್ದ ಆಟಗಳು 2020ರ ಕೊನೆಗೆ ನಿಂತವು. 'ರಫಲ್' ಎಂಬ ಉಚಿತ ತಂತ್ರಾಂಶದಲ್ಲಿ ಅನೇಕವು ಮತ್ತೆ ಓಡುತ್ತವೆ.

2005ರಲ್ಲಿ 21 ವರ್ಷದ ಅಲೆಕ್ಸ್ ಟ್ಯೂ ಕಾಲೇಜು ಶುಲ್ಕಕ್ಕಾಗಿ ಒಂದು ಪುಟದ 10 ಲಕ್ಷ ಚುಕ್ಕಿಗಳನ್ನು ಚುಕ್ಕಿಗೆ ಒಂದು ಡಾಲರಿನಂತೆ ಮಾರತೊಡಗಿ, ಕೊನೆಯ ಸಾವಿರ ಚುಕ್ಕಿಗಳನ್ನು ಹರಾಜು ಹಾಕಿ, ಒಟ್ಟು 10,37,100 ಡಾಲರ್ ಗಳಿಸಿದರು. ಆ ಪುಟದಲ್ಲಿ ಈಗ ಎಷ್ಟೋ ಕೊಂಡಿಗಳು ಸತ್ತಿವೆ. ಅಂಗಡಿ ಮುಚ್ಚಿದ ಬೀದಿಯಲ್ಲಿ ಬರೀ ಫಲಕಗಳು ಉಳಿದ ಹಾಗಿದೆ. ಅದಕ್ಕೇ ನಾನು ಕೊಂಡಿಯ ಜೊತೆ ನಾಲ್ಕು ಸಾಲಿನ ವಿವರ ಬರೆದೇ ಕಳುಹಿಸುವುದು. ಕೊಂಡಿ ಹೋದರೂ ಕತೆ ಉಳಿಯಲಿ.

ಹಂಚುವಾಗ ಏನು ಗಮನಿಸಬೇಕು?

ಮಾಡಿದವರ ಹೆಸರು ಕತ್ತರಿಸಿದ ವಿಡಿಯೋವನ್ನು ಮುಂದೆ ಕಳುಹಿಸಬೇಡಿ, ಮೂಲ ಹುಡುಕಿ ಅದನ್ನೇ ಕಳುಹಿಸಿ. ಒಬ್ಬ ವ್ಯಕ್ತಿಯನ್ನು ನೋಡಿ ನಗುವಂತಿದ್ದರೆ ಅಲ್ಲಿಗೇ ಬಿಡಿ. ರಾತ್ರಿ ಹತ್ತರ ಮೇಲೆ ಬೇಡ.

ನಾನು ಹೊಸಬ. ಮೊದಲು ಯಾವುದನ್ನು ನೋಡಲಿ?

ಮೊಬೈಲಿನ ಡೇಟಾ ಆರಿಸಿ. ವೈಫೈ ಇದ್ದರೆ ಅದನ್ನೂ. ಈಗ ಕ್ರೋಮ್ ತೆರೆದು ಯಾವುದಾದರೂ ವಿಳಾಸ ಹಾಕಿ. ಸಂಪರ್ಕವಿಲ್ಲ ಎಂಬ ಪುಟದಲ್ಲಿ ಒಂದು ಪುಟ್ಟ ಡೈನೋಸಾರ್ ನಿಂತಿರುತ್ತದೆ. 2014ರಿಂದ ಅಲ್ಲೇ ಇದೆ, ಗೋಡೆಗಂಟಿದ ಹಲ್ಲಿಯಂತೆ ಸುಮ್ಮನೆ. ಅದನ್ನು ಮುಟ್ಟಿ. ಓಡತೊಡಗುತ್ತದೆ. ಪಾಪಾಸುಕಳ್ಳಿ ಬಂದಾಗ ಮತ್ತೆ ಮುಟ್ಟಿ, ಜಿಗಿಯುತ್ತದೆ. 700 ಅಂಕ ದಾಟಿದಾಗ ಹಗಲು ಕಳೆದು ರಾತ್ರಿಯಾಗುತ್ತದೆ. ಅಲ್ಲಿಗೆ ತಲುಪಿದ ದಿನ ನನಗೆ ತಿಳಿಸಿ.